ಫರ್ಮ್‌ವೇರ್ ಅಪ್‌ಡೇಟ್ ಆದ ಮೇಲೆ ಉಬುಂಟು ತೆರೆಯುತ್ತಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿಯೇ ಇಡಬೇಕೆ?

ಪ್ರಶ್ನೆ: ನಾನು ಬನಹಟ್ಟಿಯವನು. ಸೀರೆಯ ವಿನ್ಯಾಸ ಬಿಡಿಸಲು ಮತ್ತು ಮಗ್ಗಗಳ ಲೆಕ್ಕ ಇಡಲು ಎರಡು ವರ್ಷದ ಹಿಂದೆ ಬೆಳಗಾವಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡೆ. ಅದು 2022ರ ಮಾದರಿ. ವಿಂಡೋಸ್ ಜೊತೆಗೆ ಉಬುಂಟು ಎಂಬ ಲಿನಕ್ಸ್ ಆವೃತ್ತಿಯನ್ನು ನನ್ನ ಅಕ್ಕನ ಮಗ ಹಾಕಿಕೊಟ್ಟಿದ್ದ. ವೈಫೈ ಹಿಡಿಯುತ್ತಿರಲಿಲ್ಲವೆಂದು ಅದಕ್ಕೊಂದು ಬೇರೆ ಡ್ರೈವರ್ ಕೂಡ ಹಾಕಿದ್ದ. ಕಳೆದ ವಾರ ಉಬುಂಟುವೇ ತೋರಿಸಿದ ಫರ್ಮ್‌ವೇರ್ ಅಪ್‌ಡೇಟಿಗೆ ಒಪ್ಪಿಗೆ ಕೊಟ್ಟೆ. ಮರಳಿ ಚಾಲೂ ಆದಾಗ ಉಬುಂಟು ಬದಲು ವಿಂಡೋಸ್ ಬಂದು 48 ಅಂಕಿಗಳ ಕೀ ಕೇಳಿತು. ಅಕ್ಕನ ಮಗ ಅದನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದುಕೊಟ್ಟ, ವಿಂಡೋಸ್ ತೆರೆಯಿತು. ಬೂಟ್ ಮೆನುವಿನಿಂದ ಉಬುಂಟು ಆರಿಸಿದರೆ ಮಾತ್ರ ‘ಸೆಕ್ಯೂರ್ ಬೂಟ್ ವಯಲೇಷನ್’ ಎಂಬ ಕೆಂಪು ಚೌಕ ಬರುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಉಬುಂಟು, ವೈಫೈ ಎಲ್ಲವೂ ಸರಿಯಾಗಿವೆ, ಆದರೆ ವಿಂಡೋಸ್ ಮತ್ತೆ ಅದೇ ಕೀ ಕೇಳುತ್ತದೆ. ಪೇಟೆಯಲ್ಲಿ ಒಬ್ಬರು ಸೆಕ್ಯೂರ್ ಬೂಟ್ ಆಫ್ ಮಾಡಿಯೇ ಇಡಿ ಎಂದರು, ಇನ್ನೊಬ್ಬರು ಮದರ್‌ಬೋರ್ಡ್ ಹೋಗಿದೆ ಎಂದರು. ಯಾರ ಮಾತು ಸರಿ?

ಉತ್ತರ: ಮೊದಲು ಮದರ್‌ಬೋರ್ಡಿನ ಮಾತನ್ನು ಮುಗಿಸಿಬಿಡುತ್ತೇನೆ. ಅದು ಕೆಟ್ಟಿಲ್ಲ, ದಯವಿಟ್ಟು ಅದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಒಂದು ಸೆಟ್ಟಿಂಗ್ ಬದಲಿಸಿದ ಕೂಡಲೇ ಉಬುಂಟುವೂ ಅದರ ವೈಫೈಯೂ ಮೊದಲಿನಂತೆ ನಡೆಯುತ್ತವೆ ಎಂದು ನೀವೇ ಬರೆದಿದ್ದೀರಿ. ಬೋರ್ಡ್ ಹೋಗಿದ್ದರೆ ಹೀಗೆ ಆಗುವುದಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿಯೇ ಇಡಬೇಕೆಂಬ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ದೋಷ ಎಲ್ಲಿದೆ ಎಂದು ಪತ್ತೆ ಮಾಡಲು ಒಂದು ಗಂಟೆ ಆಫ್ ಮಾಡುವುದು ಸರಿ, ಆದರೆ ಅದನ್ನೇ ರಿಪೇರಿ ಎಂದು ಕರೆದು ಯಂತ್ರವನ್ನು ಗಿರಾಕಿಯ ಕೈಗೆ ಕೊಡುವುದು ಅರ್ಧ ಕೆಲಸ. ವಿಜಯಪುರದಲ್ಲಿ ನನ್ನ ಮೇಜಿಗೆ ಬರುವ ಲಿನಕ್ಸ್ ಲ್ಯಾಪ್‌ಟಾಪ್‌ಗಳಲ್ಲಿ ಇಂಥ ಅರ್ಧ ಕೆಲಸ ಆಗಿರುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸೆಕ್ಯೂರ್ ಬೂಟ್ ಎಂದರೆ ಯಂತ್ರ ಚಾಲೂ ಆಗುವಾಗ ನಂಬಲರ್ಹ ಡಿಜಿಟಲ್ ಸಹಿ ಇರುವ ತಂತ್ರಾಂಶವನ್ನು ಮಾತ್ರ ಒಳಗೆ ಬಿಡುವ ಕಾವಲು. ಈ ಸಹಿಯ ತಪಾಸಣೆ ಒಂದೇ ಕಡೆ ನಡೆಯುವುದಿಲ್ಲ. ಬೋರ್ಡಿನ ಚಿಪ್ಪಿನಲ್ಲಿರುವ ಯುಇಎಫ್‌ಐ ಫರ್ಮ್‌ವೇರ್, ಅಂದರೆ ನಾವು ಇಂದಿಗೂ ಬಯಾಸ್ ಎಂದೇ ಕರೆಯುವ ತಂತ್ರಾಂಶ, ಮೊದಲಿಗೆ ‘ಶಿಮ್’ ಎಂಬ ಪುಟ್ಟ ಪ್ರೋಗ್ರಾಮಿನ ಸಹಿಯನ್ನು ನೋಡುತ್ತದೆ. 2012ರಲ್ಲಿ ವಿಂಡೋಸ್ 8 ಬಂದಾಗ ಹೊಸ ಯಂತ್ರಗಳೆಲ್ಲ ಸೆಕ್ಯೂರ್ ಬೂಟ್ ಆನ್ ಆಗಿಯೇ ಮಾರುಕಟ್ಟೆಗೆ ಬರತೊಡಗಿದವು. ಅವುಗಳಲ್ಲಿ ಲಿನಕ್ಸ್ ಕೂಡ ತೆರೆಯಲಿ ಎಂದು ಮ್ಯಾಥ್ಯೂ ಗ್ಯಾರೆಟ್ ಮೊದಲಾದವರು ಈ ಶಿಮ್ ರೂಪಿಸಿದರು. ಅದಕ್ಕೆ ಸಹಿ ಹಾಕುವುದು ಮೈಕ್ರೋಸಾಫ್ಟ್, ಆದರೆ ವಿಂಡೋಸಿಗೆ ಬಳಸುವ ಕೀಯಿಂದ ಅಲ್ಲ, ಹೊರಗಿನವರ ತಂತ್ರಾಂಶಕ್ಕೆಂದೇ ಇಟ್ಟಿರುವ ಬೇರೊಂದು ಕೀಯಿಂದ. ಈ ವ್ಯತ್ಯಾಸವನ್ನು ನೆನಪಿಡಿ, ನಿಮ್ಮ ತೊಂದರೆಯ ಬೇರು ಇಲ್ಲಿಯೇ ಇದೆ. ಶಿಮ್ ಒಳಗೆ ಬಂದ ಮೇಲೆ ಅದು ಉಬುಂಟು ಬೇಕೋ ವಿಂಡೋಸ್ ಬೇಕೋ ಎಂದು ಮೆನು ತೋರಿಸುವ ಗ್ರಬ್‌ನ ಸಹಿ ನೋಡುತ್ತದೆ, ಬಳಿಕ ಉಬುಂಟುವಿನ ತಿರುಳಾದ ಕರ್ನಲ್ಲಿನ ಸಹಿಯ ತಪಾಸಣೆ ಆಗುತ್ತದೆ, ಕೊನೆಗೆ ಕರ್ನಲ್ ತಾನು ಸೇರಿಸಿಕೊಳ್ಳುವ ಒಂದೊಂದು ಡ್ರೈವರಿನ ಸಹಿಯನ್ನೂ ನೋಡುತ್ತದೆ. ಹೀಗಾಗಿ ಉಬುಂಟು ತೆರೆಯದಿದ್ದಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಏನು ಕೆಟ್ಟಿದೆ’ ಎಂಬುದಲ್ಲ, ‘ತಡೆದವರು ಯಾರು’ ಎಂಬುದು.

ನಿಮ್ಮ ಕೆಂಪು ಚೌಕ ಬಂದದ್ದು ಉಬುಂಟುವಿನ ಒಂದು ಅಕ್ಷರವೂ ಪರದೆಯ ಮೇಲೆ ಮೂಡುವ ಮೊದಲೇ. ಆದ್ದರಿಂದ ತಡೆದದ್ದು ಫರ್ಮ್‌ವೇರ್, ತಡೆಸಿಕೊಂಡದ್ದು ಶಿಮ್. ಎರಡು ವರ್ಷ ಒಪ್ಪಿಕೊಂಡು ಬಂದ ಸಹಿಯನ್ನು ಫರ್ಮ್‌ವೇರ್ ಈಗ ಏಕೆ ತಿರಸ್ಕರಿಸುತ್ತಿದೆ ಎಂಬುದಕ್ಕೆ ಸುಳಿವು ನಿಮ್ಮ ಪತ್ರದಲ್ಲಿಯೇ ಇದೆ: ಅಪ್‌ಡೇಟ್ ಆದ ಕೂಡಲೇ ವಿಂಡೋಸ್ ಕೇಳಿದ ಆ 48 ಅಂಕಿಗಳು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್, ಸೆಕ್ಯೂರ್ ಬೂಟ್ ಆನ್ ಇರುವ ಯಂತ್ರದಲ್ಲಿ ಸಾಮಾನ್ಯವಾಗಿ ಫರ್ಮ್‌ವೇರಿನ ಆವೃತ್ತಿ ಬದಲಾದ ಮಾತ್ರಕ್ಕೆ ಕೀ ಕೇಳುವುದಿಲ್ಲ. ಸೆಕ್ಯೂರ್ ಬೂಟ್ ಆನ್ ಇದೆಯೇ, ಯಾವ ಯಾವ ಕೀಗಳನ್ನು ಅದು ನಂಬುತ್ತದೆ ಎಂಬುದರ ದಾಖಲೆಯನ್ನು ಟಿಪಿಎಂ ಎಂಬ ಭದ್ರತಾ ಚಿಪ್ ಇಟ್ಟುಕೊಂಡಿರುತ್ತದೆ, ಆ ದಾಖಲೆ ಬದಲಾದಾಗ ಬಿಟ್‌ಲಾಕರ್ ಅನುಮಾನಪಡುತ್ತದೆ. ಇದರಿಂದ ಎರಡು ಸಂಗತಿ ತಿಳಿಯುತ್ತವೆ. ನಿಮ್ಮ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಮೊದಲಿನಿಂದಲೂ ಆನ್ ಇದ್ದಿರಬೇಕು, ಮತ್ತು ಅಪ್‌ಡೇಟ್ ಆಗುವಾಗ ನಂಬುವ ಕೀಗಳ ಪಟ್ಟಿ ಕಾರ್ಖಾನೆಯಿಂದ ಬಂದಾಗ ಇದ್ದ ಸ್ಥಿತಿಗೆ ಮರಳಿರಬೇಕು. 2022ರಿಂದ ಈಚಿನ ಕಚೇರಿ ವರ್ಗದ ಕೆಲವು ಲ್ಯಾಪ್‌ಟಾಪ್‌ಗಳು ವಿಂಡೋಸಿನ ಕೀಯನ್ನು ಮಾತ್ರ ನಂಬಿ, ಹೊರಗಿನವರ ಕೀಯನ್ನು ಮುಚ್ಚಿಟ್ಟ ಸ್ಥಿತಿಯಲ್ಲೇ ಕಾರ್ಖಾನೆಯಿಂದ ಹೊರಡುತ್ತವೆ. ನಿಮ್ಮ ಅಕ್ಕನ ಮಗ ಉಬುಂಟು ಹಾಕುವಾಗ ಅದನ್ನು ತೆರೆದಿದ್ದಾನೆ, ಅಪ್‌ಡೇಟ್ ಅದನ್ನು ಮತ್ತೆ ಮುಚ್ಚಿದೆ. ಉಬುಂಟು ಬದಲು ವಿಂಡೋಸ್ ಮೊದಲು ಬಂದದ್ದೂ ಇದೇ ಕಾರಣಕ್ಕೆ, ಬೂಟ್ ಕ್ರಮವೂ ಹಳೆಯ ಸ್ಥಿತಿಗೆ ಹೋಗಿದೆ.

ಇನ್ನು ಪರಿಹಾರ. ಯಾವುದನ್ನೂ ಮುಟ್ಟುವ ಮೊದಲು ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಲೆಕ್ಕದ ಪುಸ್ತಕದಲ್ಲಿಡಿ. ಲ್ಯಾಪ್‌ಟಾಪಿನ ಒಳಗೆ ಮಾತ್ರ ಇಟ್ಟರೆ ಬೇಕಾದ ಹೊತ್ತಿಗೆ ಸಿಗುವುದಿಲ್ಲ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಜಮಖಂಡಿಯ ನಿವೃತ್ತ ಶಿಕ್ಷಕರೊಬ್ಬರು ಇಂಥದೇ ಸ್ಥಿತಿಯಲ್ಲಿ ಲ್ಯಾಪ್‌ಟಾಪ್ ತಂದಿದ್ದರು. ಅದನ್ನು ಅವರಿಗೆ ಮಾರಿದವರು ತಮ್ಮದೇ ಖಾತೆಯಿಂದ ವಿಂಡೋಸ್ ತೆರೆದುಕೊಟ್ಟಿದ್ದರು, ಕೀ ಆ ಖಾತೆಯಲ್ಲಿತ್ತು, ಮಾರಿದವರ ಫೋನ್ ಸಂಖ್ಯೆ ಬದಲಾಗಿತ್ತು. ಡಿಸ್ಕ್ ಚೆನ್ನಾಗಿಯೇ ಇತ್ತು, ಅದರೊಳಗೆ ಮೊಮ್ಮಗಳ ಹುಟ್ಟಿನಿಂದ ಐದು ವರ್ಷದವರೆಗಿನ ಫೋಟೊಗಳಿದ್ದವು, ನನ್ನಿಂದ ಒಂದನ್ನೂ ತೆಗೆಯಲಾಗಲಿಲ್ಲ. ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡವರೆಲ್ಲರೂ ಈ ಕೀ ತಮ್ಮ ಸ್ವಂತ ಖಾತೆಯಲ್ಲಿದೆಯೇ ಎಂದು ಇಂದೇ ನೋಡಿಕೊಳ್ಳಬೇಕೆಂದು ನನ್ನ ವಿನಂತಿ.

ಕೀ ಕೈಯಲ್ಲಿದ್ದರೆ ಯಂತ್ರ ಚಾಲೂ ಮಾಡುವಾಗ ಬಯಾಸ್ ಸೆಟಪ್ ಒಳಗೆ ಹೋಗಿ. ಕಂಪನಿಯನ್ನು ಅನುಸರಿಸಿ ಎಫ್1, ಎಫ್2 ಅಥವಾ ಎಫ್10 ಒತ್ತಬೇಕಾಗುತ್ತದೆ. ಸೆಕ್ಯುರಿಟಿ ಎಂಬ ವಿಭಾಗದಲ್ಲಿ ಸೆಕ್ಯೂರ್ ಬೂಟ್ ಆನ್ ಮಾಡಿ, ಅದರ ಆಸುಪಾಸಿನಲ್ಲಿಯೇ ‘ಅಲೋ ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ’ ಎಂಬ ಅಥವಾ ಅದನ್ನು ಹೋಲುವ ಹೆಸರಿನ ಆಯ್ಕೆ ಇರುತ್ತದೆ, ಅದನ್ನೂ ಆನ್ ಮಾಡಿ. ಕೆಲವು ಯಂತ್ರಗಳಲ್ಲಿ ಈ ಸಾಲುಗಳು ಮಂಕಾಗಿದ್ದು ಮುಟ್ಟಲು ಬರುವುದಿಲ್ಲ. ಅಂಥಲ್ಲಿ ಮೊದಲು ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟರೆ ಅವು ತೆರೆದುಕೊಳ್ಳುತ್ತವೆ, ಕೆಲಸ ಮುಗಿದ ಮೇಲೆ ಆ ಪಾಸ್‌ವರ್ಡ್ ತೆಗೆಯಬಹುದು. ಬೂಟ್ ಕ್ರಮದಲ್ಲಿ ಉಬುಂಟುವನ್ನು ವಿಂಡೋಸ್ ಬೂಟ್ ಮ್ಯಾನೇಜರಿಗಿಂತ ಮೇಲೆ ತಂದು, ಸೇವ್ ಮಾಡಿ ಹೊರಬನ್ನಿ. ಕೆಂಪು ಚೌಕ ಮಾಯವಾಗಿ ಗ್ರಬ್ ಮೆನು ಬರಬೇಕು. ಉಬುಂಟು ತೆರೆದ ಮೇಲೆ ಟರ್ಮಿನಲ್‌ನಲ್ಲಿ ‘ಮೋಕ್‌ಯುಟಿಲ್’ ಕಮಾಂಡಿಗೆ ‘ಎಸ್‌ಬಿ-ಸ್ಟೇಟ್’ ಎಂಬ ಆಯ್ಕೆ ಸೇರಿಸಿ ಕೊಟ್ಟರೆ ಸೆಕ್ಯೂರ್ ಬೂಟ್ ನಿಜಕ್ಕೂ ಆನ್ ಆಗಿದೆಯೇ ಎಂದು ಅದು ಒಂದೇ ಸಾಲಿನಲ್ಲಿ ಹೇಳುತ್ತದೆ. ವಿಂಡೋಸ್ ಇನ್ನೊಂದು ಸಲ 48 ಅಂಕಿ ಕೇಳುವುದು ಸಹಜ, ಪಟ್ಟಿ ಮತ್ತೊಮ್ಮೆ ಬದಲಾಗಿದೆಯಲ್ಲವೇ. ಕೀ ಕೊಟ್ಟು ತೆರೆಯಿರಿ. ಆಮೇಲೂ ಪ್ರತಿ ಸಲ ಕೇಳುತ್ತಲೇ ಇದ್ದರೆ ವಿಂಡೋಸಿನ ಒಳಗಿನಿಂದ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿದು ಮತ್ತೆ ಶುರು ಮಾಡಿದರೆ ಅದು ಹೊಸ ಸ್ಥಿತಿಗೆ ಹೊಂದಿಕೊಳ್ಳುತ್ತದೆ.

ಇಷ್ಟಾದ ಮೇಲೆ ನೀವು ಇನ್ನೊಂದು ತೊಂದರೆಯನ್ನು ಎದುರಿಸಬಹುದು, ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಉಬುಂಟು ತೆರೆದರೂ ವೈಫೈ ಇಲ್ಲದಿರಬಹುದು. ಆಗ ಮತ್ತೆ ಅಂಗಡಿಗೆ ಓಡಬೇಡಿ, ವೈಫೈ ಕಾರ್ಡ್ ಬದಲಿಸಬೇಡಿ. ಉಬುಂಟುವಿನ ಜೊತೆಗೇ ಬರುವ ಡ್ರೈವರುಗಳಿಗೆ ಉಬುಂಟುವಿನ ಸಹಿ ಇರುತ್ತದೆ, ಹೊರಗಿನಿಂದ ತಂದು ನಿಮ್ಮ ಯಂತ್ರದಲ್ಲಿಯೇ ಕಟ್ಟಿದ ಡ್ರೈವರಿಗೆ ಅದು ಇರುವುದಿಲ್ಲ. ಅದಕ್ಕಾಗಿ ಉಬುಂಟು ನಿಮ್ಮ ಯಂತ್ರಕ್ಕೆಂದೇ ಒಂದು ಕೀ ತಯಾರಿಸಿ ಆ ಡ್ರೈವರಿಗೆ ಸಹಿ ಹಾಕುತ್ತದೆ, ಮತ್ತು ಆ ಕೀಯನ್ನು ನಂಬುವಂತೆ ಶಿಮ್‌ಗೆ ತಿಳಿಸುತ್ತದೆ. ಯಂತ್ರದ ಮಾಲೀಕನ ಕೀ ಎಂಬರ್ಥದಲ್ಲಿ ಇದನ್ನು ಎಂಒಕೆ ಎನ್ನುತ್ತಾರೆ. ಕೀ ತಯಾರಾದ ಕಡತ ಡಿಸ್ಕಿನ ಮೇಲಿದ್ದರೂ, ‘ಇದನ್ನು ನಂಬು’ ಎಂಬ ದಾಖಲೆ ಇರುವುದು ಬೋರ್ಡಿನ ಚಿಪ್ಪಿನಲ್ಲಿ. ಅಪ್‌ಡೇಟ್ ಚಿಪ್ಪಿನ ಸೆಟ್ಟಿಂಗ್‌ಗಳನ್ನು ಅಳಿಸಿದಾಗ ಆ ದಾಖಲೆಯೂ ಹೋಗಿರಬಹುದು. ಸೆಕ್ಯೂರ್ ಬೂಟ್ ಆಫ್ ಇದ್ದಾಗ ಕರ್ನಲ್ ಈ ಸಹಿಯನ್ನು ಕಡ್ಡಾಯ ಮಾಡುವುದಿಲ್ಲ, ಆದ್ದರಿಂದಲೇ ನಿಮಗೆ ಆಗ ವೈಫೈ ಸಿಕ್ಕಿದೆ. ಆ ಡ್ರೈವರನ್ನು ಕೈಯಾರೆ ಸೇರಿಸಲು ಹೋದಾಗ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂಬ ಸಾಲು ಬಂದರೆ ತಡೆದದ್ದು ಕರ್ನಲ್ ಎಂದು ಖಚಿತ.

ಇದಕ್ಕೆ ಹೊಸ ಡ್ರೈವರ್ ಬೇಡ, ಇರುವ ಕೀಯನ್ನೇ ಮತ್ತೊಮ್ಮೆ ನೋಂದಾಯಿಸಿದರೆ ಸಾಕು. ಉಬುಂಟುವಿನಲ್ಲಿ ಆ ಕಡತ ‘ವಾರ್’ ಒಳಗಿನ ‘ಲಿಬ್’, ಅದರ ಒಳಗಿನ ‘ಶಿಮ್-ಸೈನ್ಡ್’, ಅದರ ಒಳಗಿನ ‘ಮೋಕ್’ ಎಂಬ ಫೋಲ್ಡರಿನಲ್ಲಿ ಎಂಒಕೆ ಎಂಬ ಹೆಸರಿನಲ್ಲಿದ್ದು, ಡಿಇಆರ್ ಎಂದು ಕೊನೆಗೊಳ್ಳುತ್ತದೆ. ಮೋಕ್‌ಯುಟಿಲ್ ಕಮಾಂಡಿಗೆ ‘ಟೆಸ್ಟ್-ಕೀ’ ಎಂಬ ಆಯ್ಕೆಯೊಡನೆ ಈ ಕಡತವನ್ನು ಕೊಟ್ಟರೆ ಅದು ನೋಂದಣಿಯಾಗಿದೆಯೋ ಇಲ್ಲವೋ ಎಂದು ಗೊತ್ತಾಗುತ್ತದೆ. ಆಗಿಲ್ಲವಾದರೆ ಕಮಾಂಡಿನ ಮುಂದೆ ಆಡಳಿತದ ಅಧಿಕಾರ ಕೊಡುವ ‘ಸುಡೊ’ ಸೇರಿಸಿ, ‘ಇಂಪೋರ್ಟ್’ ಆಯ್ಕೆಯೊಡನೆ ಅದೇ ಕಡತವನ್ನು ಕೊಡಿ. ಅದು ಒಂದು ಪಾಸ್‌ವರ್ಡ್ ಕೇಳುತ್ತದೆ. ಇದು ಒಂದೇ ಸಲದ ಉಪಯೋಗಕ್ಕೆ, ಹಾಗಾಗಿ ಸುಲಭವಾಗಿ ನೆನಪಿರುವ ಎಂಟು ಅಂಕಿಗಳು ಸಾಕು. ಬಳಿಕ ರೀಸ್ಟಾರ್ಟ್ ಮಾಡಿ, ಪರದೆಯ ಎದುರಿನಿಂದ ಏಳಬೇಡಿ.

ಏಳಬೇಡಿ ಎಂದದ್ದು ಏಕೆಂದರೆ, ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಕಂಪನಿಯ ಲೋಗೊ ಹೋದ ಕೂಡಲೇ ಒಂದು ನೀಲಿ ಪರದೆ ಬಂದು, ಯಾವುದಾದರೂ ಕೀ ಒತ್ತಿ ಎಂದು ಹೇಳುತ್ತ ಹತ್ತರಿಂದ ಕೆಳಗೆ ಸೆಕೆಂಡುಗಳನ್ನು ಎಣಿಸುತ್ತದೆ. ಅಷ್ಟರೊಳಗೆ ಒತ್ತದಿದ್ದರೆ ಅದು ಸುಮ್ಮನೆ ಮುಂದೆ ಹೋಗುತ್ತದೆ, ನೀವು ಮತ್ತೆ ಮೊದಲಿನಿಂದ ಇಂಪೋರ್ಟ್ ಮಾಡಬೇಕಾಗುತ್ತದೆ. ಒತ್ತಿದರೆ ಒಂದು ಚಿಕ್ಕ ಮೆನು ಬರುತ್ತದೆ. ಅದರ ಮೊದಲ ಸಾಲು ‘ಕಂಟಿನ್ಯೂ ಬೂಟ್’, ಅದರ ಮೇಲೆಯೇ ಎಂಟರ್ ಒತ್ತಿಬಿಡುವುದು ಎರಡನೆಯ ತಪ್ಪು. ಬಾಣದ ಕೀಯಿಂದ ಕೆಳಗಿಳಿದು ‘ಎನ್‌ರೋಲ್ ಎಂಒಕೆ’ ಆರಿಸಿ, ಮುಂದೆ ‘ಕಂಟಿನ್ಯೂ’, ಅದರ ಮುಂದೆ ‘ಯೆಸ್’. ಈಗ ಆ ಎಂಟು ಅಂಕಿ ಹೊಡೆಯಿರಿ. ಹೊಡೆಯುವಾಗ ಪರದೆಯ ಮೇಲೆ ಚುಕ್ಕೆಯೂ ಮೂಡುವುದಿಲ್ಲ, ಕೀಬೋರ್ಡ್ ಕೆಲಸ ಮಾಡುತ್ತಿಲ್ಲ ಎಂದು ಗಾಬರಿಯಾಗಬೇಡಿ. ಎಂಟರ್ ಒತ್ತಿ, ‘ರೀಬೂಟ್’ ಆರಿಸಿದರೆ ಮುಗಿಯಿತು. ಉಬುಂಟು ತೆರೆದಾಗ ವೈಫೈ ತಾನಾಗಿಯೇ ಬರುತ್ತದೆ. ಈ ನಡುವೆ ಇಂಟರ್‌ನೆಟ್ ಬೇಕಾದರೆ ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಅದಕ್ಕೆ ವೈಫೈ ಡ್ರೈವರಿನ ಹಂಗು ಇಲ್ಲ.

ಇದೇ ಪ್ರಶ್ನೆ ಹೊತ್ತವರಿಗೆ ನಿಮ್ಮ ಕೆಂಪು ಚೌಕವೇ ಕಾಣಬೇಕೆಂದಿಲ್ಲ. ‘ಎಸ್‌ಬಿಎಟಿ ಸೆಲ್ಫ್-ಚೆಕ್ ಫೇಲ್ಡ್’ ಎಂಬ ಸಾಲು ತೋರಿಸಿ ಯಂತ್ರ ತಾನೇ ಆಫ್ ಆಗುತ್ತಿದ್ದರೆ ಅದು ಬೇರೆಯೇ ಕಥೆ. ಹಳೆಯ, ದೋಷವಿರುವ ಶಿಮ್ ಮತ್ತು ಗ್ರಬ್‌ಗಳನ್ನು ಹೊರಗಿಡಲು ಎಸ್‌ಬಿಎಟಿ ಎಂಬ ಆವೃತ್ತಿ ಲೆಕ್ಕವಿದೆ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಒಂದು ಈ ಲೆಕ್ಕವನ್ನು ಬಿಗಿ ಮಾಡಿದಾಗ ಲಿನಕ್ಸ್ ಜೊತೆಗಿದ್ದ ಎಷ್ಟೋ ಯಂತ್ರಗಳು ಹೀಗೆ ನಿಂತವು. ಅಲ್ಲಿ ತಡೆಯುವುದು ಫರ್ಮ್‌ವೇರ್ ಅಲ್ಲ, ಶಿಮ್ ತನ್ನನ್ನು ತಾನೇ ತಡೆದುಕೊಳ್ಳುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿ ಉಬುಂಟುವಿನ ಒಳಗೆ ಹೋಗಿ, ಮೋಕ್‌ಯುಟಿಲ್‌ಗೆ ‘ಸೆಟ್-ಎಸ್‌ಬಿಎಟಿ-ಪಾಲಿಸಿ ಡಿಲೀಟ್’ ಎಂದು ಕೊಟ್ಟು, ಸೆಕ್ಯೂರ್ ಬೂಟ್ ಆಫ್ ಇರುವಾಗಲೇ ಇನ್ನೊಂದು ಸಲ ಉಬುಂಟು ತೆರೆದು, ಎಲ್ಲ ಅಪ್‌ಡೇಟ್ ಮುಗಿಸಿದ ಮೇಲೆ ಮತ್ತೆ ಆನ್ ಮಾಡಬೇಕು. ಹಳೆಯ ಉಬುಂಟು ಪೆನ್‌ಡ್ರೈವ್ ಮಾತ್ರ ತೆರೆಯದಿದ್ದರೆ ಪೆನ್‌ಡ್ರೈವ್ ಕೆಟ್ಟಿರಬೇಕೆಂದಿಲ್ಲ, ಅದರೊಳಗಿನ ಶಿಮ್‌ಗೆ ಈಗ ಮಾನ್ಯತೆ ಇಲ್ಲದಿರಬಹುದು. ಹೊಸ ಆವೃತ್ತಿ ಇಳಿಸಿಕೊಂಡು ಮತ್ತೆ ಬರೆಯಿರಿ. ಗ್ರಬ್ ಬಂದ ಮೇಲೆ ‘ಬ್ಯಾಡ್ ಶಿಮ್ ಸಿಗ್ನೇಚರ್’ ಎಂದರೆ ಸಹಿಯಿಲ್ಲದ ಕರ್ನಲ್ ಯಾರೋ ಹಾಕಿದ್ದಾರೆ, ಮೆನುವಿನಿಂದ ಉಬುಂಟುವಿನದೇ ಕರ್ನಲ್ ಆರಿಸಿ.

ಬಯಾಸ್ ಸೆಟಪ್ಪಿನಲ್ಲಿ ‘ಕ್ಲಿಯರ್ ಆಲ್ ಸೆಕ್ಯೂರ್ ಬೂಟ್ ಕೀಸ್’ ಅಥವಾ ‘ರೀಸೆಟ್ ಟು ಸೆಟಪ್ ಮೋಡ್’ ಎಂಬ ಸಾಲುಗಳು ಕಂಡರೆ ಕುತೂಹಲಕ್ಕೂ ಒತ್ತಬೇಡಿ. ಡಿಸ್‌ಪ್ಲೇಗೆ ಜೀವ ಕೊಡುವ ಗ್ರಾಫಿಕ್ಸ್ ಚಿಪ್ಪಿನ ಸಣ್ಣ ಪ್ರೋಗ್ರಾಮಿಗೂ ಕೆಲವು ಯಂತ್ರಗಳಲ್ಲಿ ಅದೇ ಹೊರಗಿನವರ ಕೀಯ ಸಹಿ ಇರುತ್ತದೆ. ಎಲ್ಲ ಕೀಗಳನ್ನು ಅಳಿಸಿ, ತಪ್ಪು ಕೀಗಳನ್ನು ಹಾಕಿಕೊಂಡರೆ ಪರದೆಯೇ ಬೆಳಗದ ಸ್ಥಿತಿ ಬರಬಹುದು. ಕೀಗಳು ಗೊಂದಲವಾಗಿವೆ ಎನಿಸಿದರೆ ‘ರೀಸ್ಟೋರ್ ಫ್ಯಾಕ್ಟರಿ ಕೀಸ್’ ಎಂಬುದೇ ಸುರಕ್ಷಿತ ದಾರಿ, ಬಳಿಕ ಮೇಲೆ ಹೇಳಿದ ಆಯ್ಕೆಯನ್ನು ಮತ್ತೆ ಆನ್ ಮಾಡಿದರಾಯಿತು.

ಆಫ್ ಮಾಡಿಯೇ ಇಟ್ಟರೆ ಏನಾಗುತ್ತದೆ ಎಂದು ನೀವು ಕೇಳಬಹುದು. ನಾಳೆಯೇ ಏನೂ ಆಗುವುದಿಲ್ಲ. ಸೆಕ್ಯೂರ್ ಬೂಟ್ ಸಾಮಾನ್ಯ ವೈರಸ್‌ಗಳನ್ನು ತಡೆಯುವುದಿಲ್ಲ, ಮೋಸದ ಲಿಂಕ್ ಒತ್ತಿದರೆ ಕಾಪಾಡುವುದಿಲ್ಲ. ಅದು ತಡೆಯುವುದು ಕರ್ನಲ್ಲಿಗಿಂತ ಮೊದಲೇ ಹೊಕ್ಕು ಕೂರುವ, ಒಳಗಿನ ಯಾವ ತಪಾಸಣೆಗೂ ಕಾಣದ ತಂತ್ರಾಂಶವನ್ನು, ಅಂದರೆ ಬೂಟ್‌ಕಿಟ್ಟನ್ನು. ಇದು ವಿಂಡೋಸಿನವರ ಚಿಂತೆ ಎಂದು ಲಿನಕ್ಸ್ ಬಳಸುವ ನಾವು ಬಹಳ ವರ್ಷ ನಂಬಿದ್ದೆವು. 2024ರ ನವೆಂಬರ್‌ನಲ್ಲಿ ಇಸೆಟ್ ಸಂಸ್ಥೆಯ ಸಂಶೋಧಕರು ‘ಬೂಟ್‌ಕಿಟ್ಟಿ’ ಎಂಬುದನ್ನು ವಿವರಿಸಿದರು: ಲಿನಕ್ಸನ್ನು, ಅದರಲ್ಲೂ ಉಬುಂಟುವಿನ ಕೆಲವು ಆವೃತ್ತಿಗಳನ್ನು ಗುರಿಯಾಗಿಸಿದ ಮೊದಲ ಯುಇಎಫ್‌ಐ ಬೂಟ್‌ಕಿಟ್ ಅದು. ಅದು ಪ್ರಯೋಗವಾಗಿ ತಯಾರಾದದ್ದು ಎಂದು ಆಮೇಲೆ ತಿಳಿಯಿತು, ಆದರೆ ದಾರಿ ಇದೆ ಎಂಬುದು ಸಾಬೀತಾಯಿತು. ಅದರ ಮೇಲೆ ಇದ್ದದ್ದು ತಾನೇ ತಯಾರಿಸಿಕೊಂಡ ಸಹಿ, ಹೀಗಾಗಿ ಆ ಪ್ರಮಾಣಪತ್ರವನ್ನು ಯಾರೂ ಯಂತ್ರಕ್ಕೆ ಸೇರಿಸದ ಹೊರತು ಸೆಕ್ಯೂರ್ ಬೂಟ್ ಆನ್ ಇರುವಲ್ಲಿ ಅದು ಓಡಲಾರದು. ವಿನ್ಯಾಸಗಳೇ ನಿಮ್ಮ ಬಂಡವಾಳ, ಅದೇ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರವೂ ನಡೆಯುತ್ತಿರಬಹುದು. ಅರ್ಧ ಗಂಟೆಯ ಕೆಲಸಕ್ಕೆ ಹಿಂಜರಿದು ಈ ಕಾವಲನ್ನು ತೆಗೆದುಹಾಕುವುದು ನನಗೆ ಸರಿ ಕಾಣುವುದಿಲ್ಲ. ಇದಕ್ಕೊಂದು ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು: ಸೆಕ್ಯೂರ್ ಬೂಟ್ ಆನ್ ಇರುವಾಗ ಉಬುಂಟುವಿನಲ್ಲಿ ತೆರೆದ ಕೆಲಸವನ್ನು ಡಿಸ್ಕಿಗೆ ಉಳಿಸಿ ಪೂರ್ತಿ ಆರುವ ಹೈಬರ್ನೇಟ್ ಆಗುವುದಿಲ್ಲ, ಸ್ಲೀಪ್ ಆಗುತ್ತದೆ.

ಈ ಅನುಭವದಿಂದ ಹೆದರಿ ಇನ್ನು ಮುಂದೆ ಫರ್ಮ್‌ವೇರ್ ಅಪ್‌ಡೇಟನ್ನೇ ಮಾಡುವುದಿಲ್ಲ ಎಂದು ನೀವು ನಿರ್ಧರಿಸಬಾರದು. ಹೆದರಿಕೆಗೆ ಆಧಾರವಿಲ್ಲವೆಂದಲ್ಲ. 2017ರ ಡಿಸೆಂಬರ್‌ನಲ್ಲಿ ಉಬುಂಟು 17.10ರ ಒಂದು ಡ್ರೈವರ್ ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್ ಚಿಪ್ಪನ್ನೇ ಕೆಡಿಸಿದ್ದರಿಂದ ಆ ಆವೃತ್ತಿಯನ್ನು ಡೌನ್‌ಲೋಡ್ ಪುಟದಿಂದ ಹಿಂದೆಗೆದುಕೊಳ್ಳಬೇಕಾಯಿತು, ಸರಿಪಡಿಸಿದ್ದು ಮುಂದಿನ ಜನವರಿಯಲ್ಲಿ ಬಂತು. ಆದರೆ ಉಬುಂಟು ನಿಮಗೆ ತೋರಿಸಿದ ಅಪ್‌ಡೇಟ್ ಲ್ಯಾಪ್‌ಟಾಪ್ ಕಂಪನಿಯೇ ಸಹಿ ಮಾಡಿ ಕೊಟ್ಟದ್ದು, ಎಲ್ಲಿಂದಲೋ ಬಂದದ್ದಲ್ಲ. ಮುಂದಿನ ದಿನಗಳಲ್ಲಿ ಅದರ ಅಗತ್ಯ ಇನ್ನೂ ಹೆಚ್ಚು. ಶಿಮ್‌ಗೆ ಸಹಿ ಹಾಕುತ್ತ ಬಂದ ಹೊರಗಿನವರ ಕೀಯ ಪ್ರಮಾಣಪತ್ರ 2011ರದು, ಅದರ ಅವಧಿ 2026ರ ಜೂನ್‌ವರೆಗೆ. ಫರ್ಮ್‌ವೇರ್ ಸಾಮಾನ್ಯವಾಗಿ ಈ ದಿನಾಂಕವನ್ನು ನೋಡುವುದಿಲ್ಲವಾದ್ದರಿಂದ ಈಗಿರುವ ಉಬುಂಟು ಒಮ್ಮೆಲೇ ನಿಲ್ಲುವುದಿಲ್ಲ. ಆದರೆ ಹೊಸ ಶಿಮ್‌ಗಳಿಗೆ 2023ರ ಪ್ರಮಾಣಪತ್ರದ ಸಹಿ ಬರುತ್ತದೆ, ಅದನ್ನು ನಂಬುವ ಪಟ್ಟಿ ನಿಮ್ಮ ಯಂತ್ರಕ್ಕೆ ಬರುವುದು ಇಂಥ ಅಪ್‌ಡೇಟ್‌ಗಳ ಅಥವಾ ವಿಂಡೋಸ್ ಅಪ್‌ಡೇಟ್‌ಗಳ ಮೂಲಕ. ಅವನ್ನು ತಡೆದಿಟ್ಟವರು ಮುಂದೊಂದು ದಿನ ಹೊಸ ಉಬುಂಟು ಪೆನ್‌ಡ್ರೈವ್ ಚುಚ್ಚಿ, ಮತ್ತೆ ನಿಮ್ಮ ಕೆಂಪು ಚೌಕವನ್ನೇ ನೋಡಬೇಕಾಗುತ್ತದೆ.

ಆದ್ದರಿಂದ ಮುಂದಿನ ಸಲ ಅಪ್‌ಡೇಟ್ ಬಂದಾಗ ಮೊದಲು ವಿಂಡೋಸಿಗೆ ಹೋಗಿ ಬಿಟ್‌ಲಾಕರನ್ನು ತಡೆಹಿಡಿಯಿರಿ, ಬಯಾಸಿನ ಸೆಕ್ಯುರಿಟಿ ಮತ್ತು ಬೂಟ್ ಪುಟಗಳ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಆಮೇಲೆ ಅಪ್‌ಡೇಟಿಗೆ ಒಪ್ಪಿಗೆ ಕೊಡಿ. ಏನು ಬದಲಾಯಿತು ಎಂದು ಅಪ್‌ಡೇಟ್ ಆದ ಮೇಲೆ ಅದೇ ಪುಟಗಳನ್ನು ಆ ಫೋಟೊಗಳೊಡನೆ ಹೋಲಿಸಿದರೆ ಗೊತ್ತಾಗುತ್ತದೆ. ಚಾರ್ಜರ್ ಜೋಡಿಸಿಯೇ ಇರಲಿ. ಆದರೆ ನಮ್ಮ ಕಡೆ ಕರೆಂಟ್ ಯಾವ ಗಳಿಗೆಯಲ್ಲಿ ಹೋಗುತ್ತದೆ ಎಂದು ಹೇಳಲಾಗದು, ಚಿಪ್ಪಿನ ಮೇಲೆ ಬರೆಯುತ್ತಿರುವಾಗ ಯಂತ್ರ ಆರಿದರೆ ಮಾತ್ರ ನಿಜವಾಗಿಯೂ ಬೋರ್ಡ್ ಕೆಟ್ಟುಹೋಗುವ ಸಂಭವವಿದೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಬ್ಯಾಟರಿ ನೂರು ಎಂದು ತೋರಿಸುತ್ತಲೇ ಐದು ನಿಮಿಷಕ್ಕೆ ಕೈಕೊಡುವುದುಂಟು. ಹಿಂದಿನ ದಿನ ಚಾರ್ಜರ್ ತೆಗೆದು ಅರ್ಧ ಗಂಟೆ ಕೆಲಸ ಮಾಡಿ ನೋಡಿ, ಅಷ್ಟು ಹೊತ್ತು ತಡೆಯದಿದ್ದರೆ ಬ್ಯಾಟರಿ ಬದಲಿಸಿದ ಮೇಲೆಯೇ ಅಪ್‌ಡೇಟ್ ಮಾಡಿ.